ಸಾಕ್ಷ್ಯ ಕಾಯ್ದೆ ಓದುವ ಮಕ್ಕಳಿಗೆ

ಧನಗೆರೆಯಿಂದಲೋ ಹನೂರು, ಯಳಂದೂರಿನ ಕಡೆಯಿಂದಲೋ ಕಾನೂನು ಓದಲು ಹೊರಟವರೇ, ಸಾಕ್ಷ್ಯ ಕಾಯ್ದೆಯನ್ನು ಬರೀ ಬಾಯಿಪಾಠ ಮಾಡಬೇಡಿ. 1872ರ ಕಾಯ್ದೆಯ ಜಾಗಕ್ಕೆ 2024ರ ಜುಲೈ 1ರಿಂದ ಭಾರತೀಯ ಸಾಕ್ಷ್ಯ ಅಧಿನಿಯಮ ಬಂದಿದೆ. ಕಲಮುಗಳ ಸಂಖ್ಯೆ ಬದಲಾಗಿದೆ, ತಿರುಳು ಬಹುಪಾಲು ಹಳೆಯದೇ.

ಹೊಸ ಅಧಿನಿಯಮದ ಕಲಂ 148 ನೋಡಿ. ಸಾಕ್ಷಿ ಪೊಲೀಸರ ಮುಂದೆ ಒಂದು ಹೇಳಿ ಕಟಕಟೆಯಲ್ಲಿ ಇನ್ನೊಂದು ಹೇಳಿದರೆ, ಹಳೆಯ ಹೇಳಿಕೆಯ ಆ ಭಾಗವನ್ನೇ ಅವನ ಗಮನಕ್ಕೆ ತಂದು ಕೇಳಬೇಕು. ಅವನು ಅಲ್ಲಗಳೆದರೆ ಆ ಭಾಗವನ್ನು ಗುರುತು ಮಾಡಿಸಿ, ಮುಂದೆ ತನಿಖಾಧಿಕಾರಿ ಸಾಕ್ಷಿಯಾಗಿ ಬಂದಾಗ ಅವರಿಂದ ರುಜುವಾತು ಮಾಡಿಸಬೇಕು. ಈ ಕೊನೆಯ ಹೆಜ್ಜೆ ತಪ್ಪಿದರೆ ಪಾಟೀಸವಾಲಿನ ಶ್ರಮವೆಲ್ಲ ನೀರುಪಾಲು, ನಷ್ಟ ಕಕ್ಷಿದಾರನಿಗೆ. ಗೆಳೆಯರಲ್ಲಿ ಒಬ್ಬರನ್ನು ಸಾಕ್ಷಿಯಾಗಿ, ಇನ್ನೊಬ್ಬರನ್ನು ತನಿಖಾಧಿಕಾರಿಯಾಗಿ ಕೂರಿಸಿ ಇದನ್ನು ಮಾಡಿ ನೋಡಿ.

ಬಾರ್ ಕೌನ್ಸಿಲ್ ನಿಯಮದಂತೆ ಒಂದು ಸಿವಿಲ್, ಒಂದು ಕ್ರಿಮಿನಲ್ ವಿಚಾರಣೆ ನೋಡಿ ಬರೆಯಬೇಕು. ಅಷ್ಟಕ್ಕೇ ನಿಲ್ಲಬೇಡಿ. ರಜೆಯಲ್ಲಿ ಊರಿಗೆ ಬಂದಾಗ ಕೊಳ್ಳೇಗಾಲದ ಕೋರ್ಟಿಗೆ ಹೋಗಿ ಕುಳಿತುಕೊಳ್ಳಿ. ಅಂತಿಮ ವಾದಕ್ಕಿಂತ ಸಾಕ್ಷಿ ವಿಚಾರಣೆಯ ದಿನವೇ ಹೆಚ್ಚು ಕಲಿಸುತ್ತದೆ.

ಪೊಲೀಸರ ಮುಂದಿನ ತಪ್ಪೊಪ್ಪಿಗೆಯನ್ನು ಸಾಮಾನ್ಯವಾಗಿ ಆರೋಪಿಯ ವಿರುದ್ಧ ಬಳಸುವಂತಿಲ್ಲ. ಆದರೆ ಭಯೋತ್ಪಾದನೆ ತಡೆಗೆಂದು ಬಂದಿದ್ದ ಟಾಡಾ ಕಾಯ್ದೆ, ಎಸ್ಪಿ ದರ್ಜೆಗಿಂತ ಕಡಿಮೆಯಲ್ಲದ ಅಧಿಕಾರಿ ದಾಖಲಿಸಿದ್ದಕ್ಕೆ ಬಾಗಿಲು ತೆರೆದಿತ್ತು. ನಮ್ಮ ಮಲೆಮಹದೇಶ್ವರ ಬೆಟ್ಟದಾಚೆ 1993ರಲ್ಲಿ ನಡೆದ ಪಾಲಾರ್ ಸ್ಫೋಟದ ವಿಚಾರಣೆ ಅದೇ ಕಾಯ್ದೆಯಡಿ ಮೈಸೂರಿನಲ್ಲಿ ನಡೆಯಿತು. ಆ ಪ್ರಕರಣದ 2004ರ ಸುಪ್ರೀಂ ಕೋರ್ಟ್ ತೀರ್ಪನ್ನು ಹುಡುಕಿ ಓದಿ. ಯಾವ ಸಾಕ್ಷ್ಯ ಯಾವ ಕಲಮಿನಡಿ ಒಳಬಂತು ಎಂದು ಅಂಚಿನಲ್ಲಿ ಬರೆಯುತ್ತಾ ಹೋಗಿ.