ಗಳಿಕೆ, ಉಳಿಕೆ, ದಾನ: ಜಾನ್ ವೆಸ್ಲಿಯವರ ಎಚ್ಚರಿಕೆ

ಧರ್ಮನಿಷ್ಠ ಮನುಷ್ಯನು ಶ್ರೀಮಂತನಾದರೆ ಅವನ ಧರ್ಮನಿಷ್ಠೆ ಏನಾಗುತ್ತದೆ? ಈ ಪ್ರಶ್ನೆಯನ್ನು ಕ್ರೈಸ್ತರು ಹೇಗೆ ಎದುರಿಸಿದರು ಎಂಬುದನ್ನು ತಿಳಿಯುವುದು ನಮಗೂ ಪ್ರಯೋಜನಕರ. ಏಕೆಂದರೆ ಅವರ ಮನೆಗಳಲ್ಲಿ ತಲೆದೋರಿದ ಸಮಸ್ಯೆ ನಮ್ಮ ಮನೆಗಳಿಗೆ ಅಪರಿಚಿತವಾದುದಲ್ಲ.

ಬೈಬಲಿನ ಸುವಾರ್ತೆಗಳಲ್ಲಿ ಒಂದು ಪ್ರಸಂಗವಿದೆ. ಶ್ರೀಮಂತನೊಬ್ಬನು ಯೇಸುವಿನ, ಅಂದರೆ ಹಝ್ರತ್ ಈಸಾ(ಅ)ರ ಬಳಿಗೆ ಬಂದು ಶಾಶ್ವತ ಜೀವನದ ದಾರಿ ಯಾವುದೆಂದು ಕೇಳುತ್ತಾನೆ. ಇದ್ದುದನ್ನೆಲ್ಲ ಮಾರಿ ಬಡವರಿಗೆ ಕೊಟ್ಟು ತನ್ನನ್ನು ಹಿಂಬಾಲಿಸಬೇಕೆಂಬ ಉತ್ತರ ಸಿಗುತ್ತದೆ. ಬಹಳ ಆಸ್ತಿಯಿದ್ದ ಆತ ದುಃಖದಿಂದ ಹಿಂದಿರುಗುತ್ತಾನೆ. ಒಂಟೆ ಮತ್ತು ಸೂಜಿಯ ಕಣ್ಣಿನ ಉಪಮೆ ಬರುವುದು ಇದೇ ಪ್ರಸಂಗದಲ್ಲಿ. ಧನಿಕನಿಗೆ ದೇವರ ರಾಜ್ಯದ ಬಾಗಿಲು ಅಷ್ಟು ಇಕ್ಕಟ್ಟಾದುದು ಎಂಬುದು ಅದರ ತಾತ್ಪರ್ಯ. ಪವಿತ್ರ ಕುರ್‌ಆನಿನ ಅಅ್‌ರಾಫ್ ಅಧ್ಯಾಯದಲ್ಲಿಯೂ ಈ ಉಪಮೆಯಿದೆ. ಅಲ್ಲಿ ಅದು ಅಲ್ಲಾಹನ ವಚನಗಳನ್ನು ಸುಳ್ಳೆಂದು ತಿರಸ್ಕರಿಸಿ ದರ್ಪ ತೋರಿದವರ ಕುರಿತಾಗಿದೆ.

ಎರಡು ದಾರಿಗಳು

ಈ ಪ್ರಸಂಗವನ್ನು ಕ್ರೈಸ್ತರು ಮುಖ್ಯವಾಗಿ ಎರಡು ರೀತಿಯಲ್ಲಿ ಅರ್ಥೈಸಿಕೊಂಡರು. ಒಂದು ವರ್ಗ ಅದನ್ನು ಅಕ್ಷರಶಃ ಸ್ವೀಕರಿಸಿತು. ಮೂರನೆಯ ಶತಮಾನದಲ್ಲಿ ಈಜಿಪ್ಟಿನ ಆಂಟನಿ ಎಂಬ ತರುಣ ಪಿತ್ರಾರ್ಜಿತ ಭೂಮಿಯನ್ನು ಬಿಟ್ಟುಕೊಟ್ಟು ಮರುಭೂಮಿ ಸೇರಿದ. ಇಟೆಲಿಯ ಅಸಿಸಿಯಲ್ಲಿ ಬಟ್ಟೆ ವ್ಯಾಪಾರಿಯ ಮಗನಾಗಿದ್ದ ಫ್ರಾನ್ಸಿಸ್ ಬಡತನವನ್ನೇ ವ್ರತವಾಗಿ ಕೈಗೊಂಡು 1226ರಲ್ಲಿ ತೀರಿಕೊಂಡರು. ಇನ್ನೊಂದು ವರ್ಗದ ಪ್ರಕಾರ ತೊರೆಯಬೇಕಾದುದು ಹಣವನ್ನಲ್ಲ, ಹಣದ ಮೋಹವನ್ನು. ಕ್ರಿ.ಶ. 200ರ ಆಸುಪಾಸಿನಲ್ಲಿ ಬಾಳಿದ ಅಲೆಕ್ಸಾಂಡ್ರಿಯಾದ ಕ್ಲೆಮೆಂಟ್ ಈ ವಾದವನ್ನು ಮಂಡಿಸಿ ಒಂದು ಗ್ರಂಥವನ್ನೇ ಬರೆದರು. ಹಣ ಒಂದು ಸಲಕರಣೆ. ಅದರ ಒಳಿತು ಕೆಡುಕು ಬಳಸುವವನನ್ನು ಅವಲಂಬಿಸಿದೆ ಎಂದರು.

ಮೊದಲನೆಯ ದಾರಿ ಹೆಂಡತಿ ಮಕ್ಕಳಿರುವ ಗೃಹಸ್ಥನಿಗೆ ದುಸ್ಸಾಧ್ಯ. ಎರಡನೆಯದರಲ್ಲಿ ಆತ್ಮವಂಚನೆಗೆ ಎಡೆಯಿದೆ. ತನಗೆ ಹಣದ ಮೋಹವಿಲ್ಲವೆಂದು ಹೇಳಿಕೊಳ್ಳಲು ಯಾವ ಧನಿಕನಿಗೆ ಕಷ್ಟ? ಈ ತೊಡಕಿಗೆ ಲೆಕ್ಕಾಚಾರದ ಪರಿಹಾರವೊಂದನ್ನು ಹುಡುಕಿದವರು ಇಂಗ್ಲೆಂಡಿನ ಧರ್ಮಬೋಧಕ ಜಾನ್ ವೆಸ್ಲಿ (1703-1791). ಮೆಥಡಿಸ್ಟ್ ಪಂಗಡದ ಸ್ಥಾಪಕರು ಇವರು. ಮೈಸೂರಿನ ವೆಸ್ಲಿ ಪ್ರೆಸ್ಸಿನ ಮೂಲಕ ಕನ್ನಡಿಗರಿಗೆ ಈ ಹೆಸರು ಪರಿಚಿತವಾಗಿದೆ.

ಇಪ್ಪತ್ತೆಂಟು ಪೌಂಡಿನ ಜೀವನ

ವೆಸ್ಲಿಯವರಿಗೆ ಬಡತನ ಹೊಸದಾಗಿರಲಿಲ್ಲ. ಅವರ ತಂದೆ ಚರ್ಚಿನ ಪಾದ್ರಿಯಾಗಿದ್ದರೂ ಸಾಲ ತೀರಿಸಲಾಗದೆ 1705ರಲ್ಲಿ ಸೆರೆಮನೆ ಸೇರಿದ್ದರು. ಮುಂದೆ ವೆಸ್ಲಿ ತಮ್ಮ ಒಂದು ಪ್ರವಚನದಲ್ಲಿ ಆಕ್ಸ್‌ಫರ್ಡಿನ ತರುಣನೊಬ್ಬನ ಲೆಕ್ಕವನ್ನು ಹೇಳಿದರು. ಅದು ಅವರದೇ ಲೆಕ್ಕವೆಂದು ಸಾಮಾನ್ಯವಾಗಿ ಭಾವಿಸಲಾಗಿದೆ. ಮೊದಲ ವರ್ಷ ಅವನ ಆದಾಯ 30 ಪೌಂಡು. 28ರಲ್ಲಿ ಜೀವನ ಸಾಗಿಸಿ 2 ಪೌಂಡು ದಾನ ಮಾಡಿದ. ಮರುವರ್ಷ ಆದಾಯ 60 ಆಯಿತು. ಆಗಲೂ ಖರ್ಚು 28, ದಾನ 32. ಮೂರನೆಯ ವರ್ಷ 90 ಬಂದಾಗ ದಾನ 62. ನಾಲ್ಕನೆಯ ವರ್ಷ 120 ಬಂದಾಗ ದಾನ 92. ಆದಾಯ ನಾಲ್ಕು ಪಟ್ಟಾದರೂ ಮನೆಖರ್ಚು ಇದ್ದಲ್ಲಿಯೇ ಇತ್ತು!

ವೆಸ್ಲಿ ಈ ಪದ್ಧತಿಯನ್ನು ಕೈಬಿಡಲಿಲ್ಲ. 1776ರಲ್ಲಿ ಸುಂಕದ ಅಧಿಕಾರಿಗಳು, ನಿಮ್ಮಂತಹ ಪ್ರಸಿದ್ಧರ ಬಳಿ ಬೆಳ್ಳಿಯ ಪಾತ್ರೆಗಳಿರಬೇಕಲ್ಲವೇ ಎಂದು ವಿಚಾರಿಸಿದರು. ಲಂಡನಿನಲ್ಲಿ ಎರಡು, ಬ್ರಿಸ್ಟಲಿನಲ್ಲಿ ಎರಡು ಬೆಳ್ಳಿಯ ಚಮಚೆಗಳಿವೆ, ಸುತ್ತಲಿನ ಇಷ್ಟೊಂದು ಜನರಿಗೆ ರೊಟ್ಟಿಯಿಲ್ಲದಿರುವಾಗ ಇನ್ನಷ್ಟು ಕೊಳ್ಳಲಾರೆ ಎಂದು ಅವರು ಉತ್ತರ ಬರೆದರು. 1785ರ ಜನವರಿಯಲ್ಲಿ, ತಮ್ಮ 81ನೆಯ ವಯಸ್ಸಿನಲ್ಲಿ, ಕರಗುವ ಹಿಮದಲ್ಲಿ ಕಾಲು ಹೂಳುತ್ತಾ ಲಂಡನಿನ ಬೀದಿಗಳಲ್ಲಿ ನಡೆದು, ಬಡವರ ಬಟ್ಟೆಗಾಗಿ 200 ಪೌಂಡು ಬೇಡಿ ತಂದರು.

ಮೂರು ನಿಯಮಗಳು

ಹಣದ ಬಳಕೆಯ ಕುರಿತು 1760ರಲ್ಲಿ ಪ್ರಕಟವಾದ ಪ್ರವಚನದಲ್ಲಿ ವೆಸ್ಲಿ ಮೂರು ನಿಯಮಗಳನ್ನು ಹೇಳಿದರು. ಸಾಧ್ಯವಿದ್ದಷ್ಟು ಗಳಿಸುವುದು ಮೊದಲನೆಯದು. ಆದರೆ ಗಳಿಕೆಗೆ ಕಟ್ಟುಪಾಡುಗಳಿವೆ. ಸ್ವಂತ ಆರೋಗ್ಯವಾಗಲಿ ಮನಸ್ಸಿನ ಶುದ್ಧಿಯಾಗಲಿ ಕೆಡಬಾರದು. ನೆರೆಯವನಿಗೆ ಹಾನಿಯಾಗಬಾರದು. ಜೂಜು, ಗಿರವಿ ಅಂಗಡಿಯ ಬಡ್ಡಿ, ಮದ್ಯ ಮಾರಾಟ, ಪಕ್ಕದ ವ್ಯಾಪಾರಿಯನ್ನು ಮುಳುಗಿಸಲು ಪೇಟೆಯ ದರಕ್ಕಿಂತ ಕಡಿಮೆಗೆ ಮಾರುವುದು ಇವೆಲ್ಲ ನಿಷಿದ್ಧ. ಸಾಧ್ಯವಿದ್ದಷ್ಟು ಉಳಿಸುವುದು ಎರಡನೆಯದು. ನಾಲಿಗೆಯ ಚಪಲಕ್ಕೆ, ಕಣ್ಣಿನ ಸುಖಕ್ಕೆ, ಜನರ ಹೊಗಳಿಕೆಗೆ ಹಣ ಸುರಿಯಬಾರದು. ಮೂರನೆಯದು, ಸಾಧ್ಯವಿದ್ದಷ್ಟು ಕೊಡುವುದು. ಸ್ವಂತದ ಮತ್ತು ಮನೆಯವರ ಅಗತ್ಯಗಳು ಪೂರೈಸಿದ ಬಳಿಕ ಉಳಿದುದು ಮೊದಲು ಸಹಧರ್ಮೀಯರಿಗೆ, ಅನಂತರ ಎಲ್ಲ ಮನುಷ್ಯರಿಗೆ ಸಲ್ಲಬೇಕು. ಖರ್ಚಿನ ಬಗ್ಗೆ ಸಂಶಯ ಬಂದಾಗ ಕೇಳಿಕೊಳ್ಳಬೇಕಾದ ಮೊದಲ ಪ್ರಶ್ನೆಯನ್ನೂ ಅವರು ಹೇಳಿಕೊಟ್ಟರು: ನಾನು ಇಲ್ಲಿ ಒಡೆಯನಂತೆ ವರ್ತಿಸುತ್ತಿದ್ದೇನೆಯೇ, ಒಡೆಯನ ಹಣವನ್ನು ನೋಡಿಕೊಳ್ಳುವ ಮೇಲ್ವಿಚಾರಕನಂತೆಯೇ?

ಸದ್ಗುಣವೇ ತಂದ ಅಪಾಯ

ಅವರ ಅನುಯಾಯಿಗಳಲ್ಲಿ ಗಣಿ ಕಾರ್ಮಿಕರು, ನೇಕಾರರು, ಸಣ್ಣ ವ್ಯಾಪಾರಿಗಳು ಬಹಳ ಮಂದಿಯಿದ್ದರು. ಅವರು ಕುಡಿತ ಬಿಟ್ಟರು, ಜೂಜು ಬಿಟ್ಟರು, ಶ್ರಮಪಟ್ಟು ದುಡಿದರು. ಸಹಜವಾಗಿಯೇ ಅನೇಕರ ಕೈಯಲ್ಲಿ ಹಣ ಕೂಡಿತು. ಮುಪ್ಪಿನ ವಯಸ್ಸಿನಲ್ಲಿ ವೆಸ್ಲಿಯವರನ್ನು ಕಾಡಿದ್ದು ಇದೇ. 1786ರ ಬರಹವೊಂದರಲ್ಲಿ ಅವರು ಹೀಗೆ ತರ್ಕಿಸಿದರು: ಧರ್ಮನಿಷ್ಠೆಯಿಂದ ಶ್ರಮಶೀಲತೆ ಮತ್ತು ಮಿತವ್ಯಯ ಹುಟ್ಟುತ್ತವೆ; ಅವುಗಳಿಂದ ಸಂಪತ್ತು ಹುಟ್ಟುತ್ತದೆ; ಸಂಪತ್ತಿನೊಂದಿಗೆ ಅಹಂಕಾರ ಮತ್ತು ಐಹಿಕ ವ್ಯಾಮೋಹ ಬೆಳೆಯುತ್ತವೆ; ಕೊನೆಗೆ ಧರ್ಮದ ಹೊರರೂಪ ಉಳಿದು ತಿರುಳು ಮಾಯವಾಗುತ್ತದೆ. ಜರ್ಮನಿಯ ಸಮಾಜಶಾಸ್ತ್ರಜ್ಞ ಮ್ಯಾಕ್ಸ್ ವೆಬರ್ ಬಂಡವಾಳಶಾಹಿಯ ಮೂಲದ ಕುರಿತ ತಮ್ಮ ಕೃತಿಯ 1920ರ ಪರಿಷ್ಕೃತ ಆವೃತ್ತಿಯಲ್ಲಿ ಈ ಬರಹವನ್ನು ಉದ್ಧರಿಸಿದರು.

ಈ ಚಕ್ರದಿಂದ ಪಾರಾಗಲು ವೆಸ್ಲಿಯವರಿಗೆ ಒಂದೇ ದಾರಿ ಕಂಡಿತು. ಗಳಿಸಿ ಉಳಿಸಿದವನು ಅದೇ ಪ್ರಮಾಣದಲ್ಲಿ ಕೊಡಬೇಕು. ಮೂರನೆಯ ನಿಯಮವನ್ನು ಬಿಟ್ಟರೆ ಮೊದಲೆರಡು ನಿಯಮಗಳೇ ಮನುಷ್ಯನನ್ನು ಕೆಡಿಸುತ್ತವೆ. ಆದರೆ ಜನ ಕೇಳಿದರೇ? 1789ರಲ್ಲಿ ಅವರು ನೋವಿನಿಂದ ಲೆಕ್ಕ ಹಾಕಿದರು. ಮೊದಲ ನಿಯಮ ಪಾಲಿಸುವವರು ಬಹಳ, ಎರಡನೆಯದನ್ನು ಪಾಲಿಸುವವರು ಕೆಲವರು. ಮೂರನೆಯದನ್ನು ಪಾಲಿಸುವವರು 50,000 ಮಂದಿಯಲ್ಲಿ 500 ಸಿಕ್ಕಾರೇ ಎಂದು ಸಂದೇಹಪಟ್ಟರು. ಎರಡು ವರ್ಷಗಳ ಬಳಿಕ ಅವರು ತೀರಿಕೊಂಡಾಗ, ಮರಣಪತ್ರದ ಪ್ರಕಾರ ಆಡಂಬರವಿಲ್ಲದೆ, ತಲಾ ಒಂದು ಪೌಂಡು ಪಡೆದ ಆರು ಮಂದಿ ಬಡವರು ಶವವನ್ನು ಹೊತ್ತರು.

ನಮ್ಮ ಮನೆಯ ಲೆಕ್ಕ

ಓದುಗ ಬಂಧುಗಳೇ, ವೆಸ್ಲಿಯವರ ವಿಶ್ವಾಸ ಬೇರೆ, ನಮ್ಮದು ಬೇರೆ. ಮಕ್ಕಳು ಹಣವನ್ನು ಪೋಲು ಮಾಡುವವರಾಗಿದ್ದರೆ ಜೀವನಕ್ಕೆ ಬೇಕಾದಷ್ಟನ್ನು ಮಾತ್ರ ಅವರಿಗೆ ಬಿಟ್ಟುಹೋಗಬೇಕೆಂಬ ಅವರ ಸಲಹೆಯೂ ನಮಗೆ ಅನ್ವಯಿಸದು. ನಮ್ಮಲ್ಲಿ ವಾರಸುದಾರರ ಪಾಲು ನಿಗದಿಯಾಗಿದೆ. ಆದರೆ ಅವರು ಕಂಡ ಅಪಾಯಕ್ಕೆ ಮತಭೇದವಿಲ್ಲ. ಝಕಾತ್, ಕೊಡಲೇಬೇಕಾದ ಪಾಲನ್ನು ನಿಗದಿಪಡಿಸುತ್ತದೆ. ನಿಸಾಬ್ ಮುಟ್ಟಿ ಒಂದು ವರ್ಷ ಕಳೆದ ಹಣಕ್ಕೆ ಅದು ಶೇಕಡಾ ಎರಡೂವರೆ. ವೆಸ್ಲಿ ಇನ್ನೊಂದು ತುದಿಯಿಂದ ಲೆಕ್ಕ ಆರಂಭಿಸಿದರು. ತಮಗಾಗಿ ಎಷ್ಟು ಇಟ್ಟುಕೊಳ್ಳಬಹುದೆಂಬುದಕ್ಕೆ ಗೆರೆ ಎಳೆದರು. ಝಕಾತನ್ನು ಸರಿಯಾಗಿ ಕೊಟ್ಟ ಮನೆಯೂ ಈ ಎರಡನೆಯ ಗೆರೆಯ ಬಗ್ಗೆ ಯೋಚಿಸಬಹುದು. ದುಂದುಗಾರಿಕೆಯನ್ನು ಕುರ್‌ಆನ್ ಬೇರೆಯಾಗಿಯೇ ಖಂಡಿಸಿದೆ.

ಐದು ವರ್ಷಗಳ ಹಿಂದಿನ ನಿಮ್ಮ ಆದಾಯವನ್ನೂ ಇಂದಿನದನ್ನೂ ಒಂದು ಕಾಗದದಲ್ಲಿ ಬರೆಯಿರಿ. ಬೆಲೆಯೇರಿಕೆ ನುಂಗಿದ್ದನ್ನು ಕಳೆಯಿರಿ. ಉಳಿದ ಹೆಚ್ಚಳದಲ್ಲಿ ಮನೆಯ ಅಗತ್ಯಕ್ಕೆ ಹೋದುದೆಷ್ಟು, ನೆರೆಹೊರೆಗೆ ತೋರಿಸಲು ಹೋದುದೆಷ್ಟು, ಬಡವನ ಕೈ ಸೇರಿದುದೆಷ್ಟು? ಮನೆಮಂದಿಯೆಲ್ಲ ಒಟ್ಟಿಗೆ ಕುಳಿತು, ಮಕ್ಕಳ ಎದುರಿನಲ್ಲಿಯೇ ಈ ಲೆಕ್ಕ ಮಾಡಿರಿ. ಹಣವನ್ನು ವಾರಸುದಾರರಾಗಿ ಪಡೆಯಲಿರುವ ಆ ಮಕ್ಕಳು ಅದರ ಲೆಕ್ಕ ಒಪ್ಪಿಸುವುದನ್ನೂ ಈಗಲೇ ಕಲಿಯಲಿ.