ಸೋಮನಾಥಪುರದ ನಕ್ಷತ್ರ: ಒಂದು ಸಮಮಿತಿ ಪಾಠ

ಬೋಧನಾಭ್ಯಾಸದಲ್ಲಿ ಏಳನೇ ತರಗತಿಗೆ ‘ಸಮಮಿತಿ’ ಪಾಠ ಮಾಡಬೇಕಿತ್ತು. ಉದಾಹರಣೆಗೆಂದು ಮೈಸೂರು ಜಿಲ್ಲೆಯ ಪುಟ್ಟ ಹಳ್ಳಿ ಸೋಮನಾಥಪುರದ ಕೇಶವ ದೇವಾಲಯವನ್ನು ಆರಿಸಿಕೊಂಡೆ. ಹೊಯ್ಸಳ ದೊರೆ ಮೂರನೇ ನರಸಿಂಹನ ದಂಡನಾಯಕ ಸೋಮನಾಥನು 1268ರಲ್ಲಿ ಕಟ್ಟಿಸಿದ ಈ ಬಳಪದ ಕಲ್ಲಿನ ಗುಡಿಯಲ್ಲಿ ಮೂರು ಗರ್ಭಗುಡಿಗಳಿವೆ.

“ಪ್ರತಿ ಗರ್ಭಗುಡಿಯ ಹೊರಗೋಡೆ 16 ಮೂಲೆಗಳ ನಕ್ಷತ್ರ” ಎಂದು ಹೇಳಿ ತಳವಿನ್ಯಾಸದ ಚಿತ್ರ ತೋರಿಸಿದೆ. ಒಬ್ಬ ವಿದ್ಯಾರ್ಥಿನಿ ಎಣಿಸಿ, “ಸರ್, ಅಷ್ಟಿಲ್ಲ” ಎಂದಳು. ಅವಧಿ ಮುಗಿಯುತ್ತಿತ್ತು. “ಪುಸ್ತಕದಲ್ಲಿ ಹಾಗೇ ಇದೆ, ಬರೆದುಕೊಳ್ಳಿ” ಎಂದುಬಿಟ್ಟೆ. ಮಾರ್ಗದರ್ಶಕರು ಅವಲೋಕನ ಪುಸ್ತಕದಲ್ಲಿ ಬರೆದದ್ದು ಒಂದೇ ಪ್ರಶ್ನೆ: “ಅವಳು ಎಣಿಸಿದ್ದು ತಪ್ಪೇ?”

ಮರುದಿನ ಪ್ರತಿ ಗುಂಪಿಗೂ ಒಂದೇ ಅಳತೆಯ ನಾಲ್ಕು ಕಾಗದದ ಚೌಕಗಳನ್ನು ಕೊಟ್ಟೆ. ಲಂಬಕೋನವನ್ನು ಎರಡು ಸಲ ಅರ್ಧಕ್ಕೆ ಮಡಿಸಿದರೆ 22.5 ಡಿಗ್ರಿ. ಮಕ್ಕಳು ಕೇಂದ್ರಕ್ಕೆ ಗುಂಡುಸೂಜಿ ಚುಚ್ಚಿ, ಒಂದೊಂದು ಚೌಕವನ್ನೂ ಹಿಂದಿನದಕ್ಕಿಂತ ಅಷ್ಟು ತಿರುಗಿಸಿದರು. ನಾಲ್ಕು ನಾಲ್ಕಲಿ ಹದಿನಾರು ಮೂಲೆಗಳು ಮೂಡಿದವು. ಐದನೆಯ ಚೌಕ ಬೇಕಿಲ್ಲ. 90 ಡಿಗ್ರಿ ತಿರುಗಿದರೆ ಅದು ಮೊದಲನೆಯದರ ಮೇಲೆಯೇ ಕೂರುತ್ತದೆ. ಈ ನಕ್ಷತ್ರವನ್ನು ಚಿತ್ರದ ಪಕ್ಕ ಇಟ್ಟಾಗ ಅದೇ ಹುಡುಗಿ ಬೆರಳಿಟ್ಟು ತೋರಿಸಿದಳು: ಮಂಟಪಕ್ಕೆ ಕೂಡುವ ಬದಿಯಲ್ಲಿ ಕೆಲವು ಮೂಲೆಗಳು ಮುಚ್ಚಿಹೋಗಿವೆ!

ಅವಳ ಎಣಿಕೆಯೂ ಸರಿ, ಪುಸ್ತಕವೂ ಸರಿ. ತಪ್ಪಿದ್ದು ಮೊದಲ ದಿನದ ನನ್ನ ಉತ್ತರ. ಪಾಠ ಯೋಜನೆಯಲ್ಲಿ ಈಗ ಮಕ್ಕಳ ಎಣಿಕೆಗೆ ಹತ್ತು ನಿಮಿಷ ಮೀಸಲಿಟ್ಟಿದ್ದೇನೆ.