ಹಡಗಿಗೆ ಹೊರಟ ಹುಡುಗಿ: ಮೊದಲು ಕಣ್ಣು, ಕೊನೆಗೆ ದುಡ್ಡು

ಹಳೇ ಗೋವಾದಲ್ಲಿ ವೈಸ್‌ರಾಯ್ ಕಮಾನು ದಾಟಿ ಕೆಳಗಿಳಿದರೆ ಫೆರಿ ಕಟ್ಟೆ. ಸ್ಕೂಟರು, ಮೀನಿನ ಬುಟ್ಟಿ, ಯೂನಿಫಾರ್ಮಿನ ಮಕ್ಕಳು ಎಲ್ಲವನ್ನೂ ಹೇರಿಕೊಂಡು ಫೆರಿ ನಾಲ್ಕಾರು ನಿಮಿಷದಲ್ಲಿ ಮಾಂಡೋವಿ ದಾಟಿ ದಿವಾರ್ ದ್ವೀಪಕ್ಕೆ ತಂದು ಬಿಡುತ್ತದೆ. ಅಲ್ಲಿನ ಅಕ್ವೇರಿಯಸ್ ಶಿಪ್‌ಯಾರ್ಡ್‌ನಲ್ಲಿ ಹುಟ್ಟಿದ ಹಾಯಿದೋಣಿಯೇ ‘ತಾರಿಣಿ’. ಉದ್ದ ಬರೀ 56 ಅಡಿ. 2017ರ ಸೆಪ್ಟೆಂಬರ್ 10ರಂದು ನೌಕಾಪಡೆಯ ಆರು ಅಧಿಕಾರಿಣಿಯರು ವರ್ತಿಕಾ ಜೋಶಿ ನೇತೃತ್ವದಲ್ಲಿ ಇದೇ ಗೋವಾದಿಂದ ಹೊರಟು, ಭೂಮಿಗೆ ಒಂದು ಸುತ್ತು ಹಾಕಿ 2018ರ ಮೇ 21ರಂದು ಮರಳಿದರು. ಇನ್ನೇನು ಊರು ಸೇರಬೇಕು ಎನ್ನುವಾಗ ಚುಕ್ಕಾಣಿ ಕೈಕೊಟ್ಟಿತು. ಮಾರಿಷಸ್‌ನಲ್ಲಿ ನಿಂತು ರಿಪೇರಿ ಮಾಡಿಸಿಕೊಂಡೇ ಬಂದರು. 2024ರ ಅಕ್ಟೋಬರ್ 2ರಂದು ಅದೇ ದೋಣಿಯಲ್ಲಿ ದಿಲ್ನಾ ಕೆ. ಮತ್ತು ರೂಪಾ ಎ. ಇಬ್ಬರೇ ಹೊರಟರು. 2025ರ ಮೇ 29ಕ್ಕೆ ಮರ್ಮಗೋವಾ ಬಂದರಿಗೆ ವಾಪಸ್.

ಇಂಥ ಸುದ್ದಿ ಬಂದಾಗಲೆಲ್ಲ ಹುಬ್ಬಳ್ಳಿ, ಕಾರವಾರ, ಬೆಳಗಾವಿ ಕಡೆಯ ಪರಿಚಯದವರಿಂದ ಫೋನು ಬರುತ್ತದೆ. ವಾಸ್ಕೋದ ಬೈನಾ, ಝುವಾರಿನಗರದ ಕನ್ನಡ ಮನೆಗಳಲ್ಲೂ ಅದೇ ಪ್ರಶ್ನೆ: “ನಮ್ ಹುಡುಗೀನೂ ಹಡಗಿಗೆ ಕಳಿಸಬಹುದೇನ್ರೀ? ಎಷ್ಟು ಕಟ್ಟಬೇಕು?” ಎರಡನೇ ಪ್ರಶ್ನೆ ಮೊದಲು ಬಂದರೆ ನನಗೆ ಎದೆ ಧಸಕ್ ಎನ್ನುತ್ತದೆ. ಈ ದಾರಿಯಲ್ಲಿ ದುಡ್ಡು ಕಟ್ಟುವುದು ಕೊನೆಯ ಹೆಜ್ಜೆ. ಬಹಳಷ್ಟು ಮನೆಗಳು ಅದನ್ನೇ ಮೊದಲ ಹೆಜ್ಜೆ ಮಾಡಿಕೊಂಡು ಸೋಲುತ್ತವೆ.

ಯಾವ ಹಡಗು ಎಂದು ತೀರ್ಮಾನಿಸಿ

ಗೋವಾದಲ್ಲಿ ಹಡಗಿನ ಕೆಲಸದವನನ್ನು ‘ತಾರ್ವಟಿ’ ಎನ್ನುತ್ತಾರೆ. ಮುಂಬೈ ಧೋಬಿ ತಲಾವಿನ ‘ಕೂಡ್’ ಎಂಬ ಗೋವಾದವರ ವಸತಿಗಳಲ್ಲಿ ಚಾಪೆ ಹಾಸಿ ಹಡಗಿಗಾಗಿ ಕಾಯುತ್ತಿದ್ದ ಗಂಡಸರ ಕತೆ ಇಲ್ಲಿ ಮನೆಮನೆಯದು. ಹೆಂಗಸರ ಪಾಲಿಗೆ ಇದ್ದದ್ದು ಮನಿಆರ್ಡರು ಮತ್ತು ಕಾಯುವುದು. ಈಗ ಹತ್ತುವವಳೂ ಅವಳೇ ಆಗಬಹುದು, ಆದರೆ ಬಾಗಿಲು ಒಂದೇ ಅಲ್ಲ.

ತಾರಿಣಿಯವರು ನೌಕಾಪಡೆ, ಅಂದರೆ ರಕ್ಷಣಾ ಸೇವೆ. ಅದಕ್ಕೆ ಎನ್‌ಡಿಎ, ಅಗ್ನಿವೀರ್‌ನಂಥ ಬೇರೆಯೇ ಪರೀಕ್ಷೆಗಳಿವೆ. ಸರಕು ಹಡಗಿನದು ಮರ್ಚೆಂಟ್ ನೇವಿ. ಅಲ್ಲಿ ಹಡಗು ನಡೆಸುವ ಡೆಕ್ ವಿಭಾಗ, ಯಂತ್ರ ನೋಡುವ ಎಂಜಿನ್ ವಿಭಾಗ, ವಿದ್ಯುತ್ ನೋಡುವ ಇಟಿಒ, ಅಡುಗೆ ವಿಭಾಗ ಎಂದು ಕವಲುಗಳು. ಕ್ರೂಸ್ ಹಡಗು ಇನ್ನೊಂದು ಲೋಕ. ಅಲ್ಲಿನ ಬಹುಪಾಲು ಕೆಲಸ ಹೋಟೆಲ್ಲಿನದು. ಆ ಹೋಟೆಲ್ ಕೆಲಸದಲ್ಲಿ ಎಷ್ಟು ವರ್ಷ ದುಡಿದರೂ ಕ್ಯಾಪ್ಟನ್ ಆಗುವ ಏಣಿಗೆ ಆ ಅನುಭವ ಲೆಕ್ಕಕ್ಕೆ ಬರುವುದಿಲ್ಲ. ಇದನ್ನು ಮಗಳಿಗೆ ಈಗಲೇ ಹೇಳಿಬಿಡಿ.

ಮೊದಲು ಕಣ್ಣು

ಅರ್ಜಿಗಿಂತ ಮುಂಚೆ ಕೇಂದ್ರ ಸರ್ಕಾರದ ಹಡಗು ಇಲಾಖೆಯಾದ ಡಿ.ಜಿ. ಶಿಪ್ಪಿಂಗ್‌ನ ಮಾನ್ಯತೆ ಇರುವ ವೈದ್ಯರ ಬಳಿ ಹೋಗಿ. ಬಣ್ಣದ ಚುಕ್ಕಿಗಳ ಒಂದು ಪುಸ್ತಕ ಮುಂದಿಡುತ್ತಾರೆ. ಇಶಿಹಾರ ಪರೀಕ್ಷೆ ಅದು. ಕೆಂಪು, ಹಸಿರು, ಕಂದು ಚುಕ್ಕಿಗಳ ರಾಶಿಯಲ್ಲಿ ಅಡಗಿದ ಅಂಕಿ ಓದಬೇಕು. ರಾತ್ರಿ ಕಡಲಲ್ಲಿ ಹಡಗಿನ ಎಡ ಮಗ್ಗುಲಲ್ಲಿ ಕೆಂಪು ದೀಪ, ಬಲ ಮಗ್ಗುಲಲ್ಲಿ ಹಸಿರು. ಎದುರಿನ ಹಡಗು ಯಾವ ಕಡೆ ಮುಖ ಮಾಡಿದೆ ಎಂದು ಕಾವಲಿನವಳಿಗೆ ತಿಳಿಯುವುದು ಆ ಎರಡು ಚುಕ್ಕೆ ಬೆಳಕಿನಿಂದ. ಹಾಗಾಗಿ ವರ್ಣಾಂಧತೆಗೆ ಇಲ್ಲಿ ಮಾಫಿ ಇಲ್ಲ. ವೈರು, ಪೈಪುಗಳನ್ನು ಬಣ್ಣದಿಂದಲೇ ಗುರುತಿಸುವ ಎಂಜಿನ್ ಕೋಣೆಯಲ್ಲೂ ಅಷ್ಟೇ. ಡೆಕ್ ಕೆಡೆಟ್‌ಗೆ ಕನ್ನಡಕವಿಲ್ಲದ ದೃಷ್ಟಿ ಬೇಕು. ಎಂಜಿನ್ ಕಡೆ ±2.5 ಪವರ್‌ವರೆಗೆ ಒಪ್ಪುತ್ತಾರೆ.

ನಮ್ಮ ಬೀದಿಯ ಹುಡುಗಿಯೊಬ್ಬಳು ಸೀಟು ಹಿಡಿದು, ಮೊದಲ ಕಂತು ಕಟ್ಟಿ, ಬಿಳಿ ಯೂನಿಫಾರ್ಮ್ ಹೊಲಿಸಿಕೊಂಡ ಮೇಲೆ ಈ ಪುಸ್ತಕದ ಮುಂದೆ ಕೂತಳು. ಅಂಕಿ ಕಾಣಲಿಲ್ಲ. ಕಟ್ಟಿದ ಹಣದಲ್ಲಿ ಅರ್ಧವೂ ವಾಪಸ್ ಬರಲಿಲ್ಲ.

ನಂತರ ಅಂಕ, ಪ್ರವೇಶ ಪರೀಕ್ಷೆ

ಅಧಿಕಾರಿ ದರ್ಜೆಗೆ ಪಿಯುಸಿಯಲ್ಲಿ ಭೌತ, ರಸಾಯನ, ಗಣಿತ ಸೇರಿ ಸರಾಸರಿ ಶೇ 60, ಜತೆಗೆ ಹತ್ತರಲ್ಲೋ ಹನ್ನೆರಡರಲ್ಲೋ ಇಂಗ್ಲಿಷಿನಲ್ಲಿ ಶೇ 50 ಬೇಕು. ವಯೋಮಿತಿ 25. ಹುಡುಗಿಯರಿಗೆ ಎರಡು ವರ್ಷ ಸಡಿಲಿಕೆ ಇದೆ. ಚೆನ್ನೈ ಕೇಂದ್ರ ಕಚೇರಿಯ ಇಂಡಿಯನ್ ಮರಿಟೈಮ್ ಯೂನಿವರ್ಸಿಟಿ ವರ್ಷಕ್ಕೊಮ್ಮೆ ಸಿಇಟಿ ನಡೆಸುತ್ತದೆ. ಅದರ ಮೂಲಕ ಮೂರು ವರ್ಷದ ಬಿ.ಎಸ್ಸಿ. ನಾಟಿಕಲ್ ಸೈನ್ಸ್, ನಾಲ್ಕು ವರ್ಷದ ಬಿ.ಟೆಕ್. ಮರೀನ್ ಎಂಜಿನಿಯರಿಂಗ್, ಒಂದು ವರ್ಷದ ಡಿಎನ್‌ಎಸ್ ಡಿಪ್ಲೊಮಾ ಸೇರಬಹುದು. ಬಿ.ಇ. ಮೆಕ್ಯಾನಿಕಲ್ ಆದವಳಿಗೆ ಒಂದು ವರ್ಷದ ಜಿಎಂಇ ಸಾಕು. ಹತ್ತನೇ ತರಗತಿ ಮುಗಿಸಿದವಳಿಗೆ ಆರು ತಿಂಗಳ ಜಿ.ಪಿ. ರೇಟಿಂಗ್ ಇದೆ, ಆದರೆ ಅದು ಖಲಾಸಿ ದರ್ಜೆಯಿಂದ ಶುರು. ಹುಡುಗಿಯರಿಗೆ ಶುಲ್ಕದಲ್ಲಿ ರಿಯಾಯಿತಿ ಉಂಟೇ ಎಂದು ಪ್ರತಿ ಕಡೆಯೂ ಕೇಳಿ. ಕೇಳದಿದ್ದರೆ ಯಾರೂ ತಾವಾಗಿ ಹೇಳುವುದಿಲ್ಲ.

ಕನ್ನಡ ಮಾಧ್ಯಮದವರು ಇಂಗ್ಲಿಷಿಗೆ ಹೆದರುತ್ತಾರೆ. ಹಡಗಿನ ಇಂಗ್ಲಿಷ್ ಸಾಹಿತ್ಯದ್ದಲ್ಲ. ಅಂತರರಾಷ್ಟ್ರೀಯ ಕಡಲ ಸಂಸ್ಥೆ ಐಎಂಒ ಹಡಗಿನ ಮಾತುಕತೆಗೆಂದೇ ಸಿದ್ಧ ವಾಕ್ಯಗಳನ್ನು ಗೊತ್ತುಮಾಡಿದೆ. ಫಿಲಿಪೀನ್ಸಿನವನೂ ಉಕ್ರೇನಿನವನೂ ಅವನ್ನೇ ಬಾಯಿಪಾಠ ಮಾಡುತ್ತಾರೆ.

ಸೀಟಿಗಿಂತ ಬರ್ತ್ ದೊಡ್ಡದು

ಈ ಲೇಖನದಲ್ಲಿ ಒಂದೇ ಭಾಗ ಓದುತ್ತೀರಾದರೆ ಇದನ್ನೇ ಓದಿ. ಕಾಲೇಜು ಮುಗಿದರೆ ಕೆಲಸ ಸಿಕ್ಕಂತಲ್ಲ. ಡಿಎನ್‌ಎಸ್ ಮುಗಿಸಿದವಳು ಕೆಡೆಟ್ ಆಗಿ 18 ತಿಂಗಳು ಹಡಗಿನಲ್ಲಿ ದುಡಿದ ಮೇಲೆಯೇ ಸೆಕೆಂಡ್ ಮೇಟ್ ಪರೀಕ್ಷೆಗೆ ಕೂರಬಹುದು. ಆ ಕೆಡೆಟ್ ಜಾಗ, ಇಲ್ಲಿಯವರ ಮಾತಿನಲ್ಲಿ ‘ಬರ್ತ್’, ಸಿಗದೆ ವರ್ಷಗಟ್ಟಲೆ ಮನೆಯಲ್ಲಿ ಕೂತವರಿದ್ದಾರೆ. ಕೆಲವು ಕಂಪನಿಗಳು ಹುಡುಗಿಯರನ್ನು ಬೇಕೆಂದೇ ಹುಡುಕುತ್ತವೆ, ಕೆಲವು ‘ಪ್ರತ್ಯೇಕ ಕ್ಯಾಬಿನ್ ಇಲ್ಲ’ ಎಂದು ಜಾರಿಕೊಳ್ಳುತ್ತವೆ. ಆದ್ದರಿಂದ ಮೊದಲು ಕಂಪನಿಯ ಪ್ರಾಯೋಜಕತ್ವ ಪತ್ರ ಕೈಗೆ ಬರಲಿ, ಆಮೇಲೆ ಕಾಲೇಜಿನ ಶುಲ್ಕ. ಕಾಲೇಜಿನವರು ತೋರಿಸುವ ‘ಶೇ 100 ಪ್ಲೇಸ್‌ಮೆಂಟ್’ ಬೋರ್ಡನ್ನು ನಂಬಬೇಡಿ. ಹೋದ ವರ್ಷ ಎಷ್ಟು ಹುಡುಗಿಯರು ಯಾವ ಹಡಗು ಹತ್ತಿದರು ಎಂದು ಕೇಳಿ, ಅವರಲ್ಲಿ ಒಬ್ಬಳ ಜತೆಗಾದರೂ ಮಾತಾಡಿ.

ಸಂಖ್ಯೆ ಇನ್ನೂ ಸಣ್ಣದೇ. ಹಡಗು ಕಂಪನಿಗಳ ಒಕ್ಕೂಟ ಬಿಮ್ಕೊದ 2021ರ ವರದಿಯ ಪ್ರಕಾರ ಜಗತ್ತಿನ ನಾವಿಕರಲ್ಲಿ ಹೆಂಗಸರು ಶೇ 1.2 ಮಾತ್ರ. ಆದರೆ ಮೇಲಿನವರೆಗೂ ಹೋದವರಿದ್ದಾರೆ. ನಮ್ಮ ಮರ್ಚೆಂಟ್ ನೇವಿಯ ಮೊದಲ ಮಹಿಳಾ ಕ್ಯಾಪ್ಟನ್ ರಾಧಿಕಾ ಮೆನನ್ 2015ರಲ್ಲಿ ಬಂಗಾಳ ಕೊಲ್ಲಿಯ ಬಿರುಗಾಳಿಯಲ್ಲಿ ‘ದುರ್ಗಮ್ಮ’ ದೋಣಿಯ ಏಳು ಮೀನುಗಾರರನ್ನು ಉಳಿಸಿ, ಮರುವರ್ಷ ಐಎಂಒದ ಶೌರ್ಯ ಪ್ರಶಸ್ತಿ ಪಡೆದರು. 2021ರ ಮಾರ್ಚ್‌ನಲ್ಲಿ ಶಿಪ್ಪಿಂಗ್ ಕಾರ್ಪೊರೇಷನ್ನಿನ ‘ಸ್ವರ್ಣ ಕೃಷ್ಣ’ ಟ್ಯಾಂಕರು ಪೂರ್ತಿ ಮಹಿಳಾ ಅಧಿಕಾರಿಗಳೊಂದಿಗೆ ಹೊರಟಿತು.

ಕಾಗದಪತ್ರ, ಈಜುಕೊಳ

ಪಾಸ್‌ಪೋರ್ಟಿಗೆ ಇವತ್ತೇ ಅರ್ಜಿ ಹಾಕಿ. ಆಧಾರ್, ಅಂಕಪಟ್ಟಿ, ಪಾಸ್‌ಪೋರ್ಟ್ ಮೂರರಲ್ಲೂ ಹೆಸರು ಅಕ್ಷರಕ್ಕಕ್ಷರ ಒಂದೇ ಇರಲಿ. ಒಂದರಲ್ಲಿ ಇನಿಷಿಯಲ್, ಇನ್ನೊಂದರಲ್ಲಿ ಅಪ್ಪನ ಪೂರ್ತಿ ಹೆಸರು ಇರುವ ನಮ್ಮ ಕಡೆಯ ಅಭ್ಯಾಸ ತಿಂಗಳುಗಟ್ಟಲೆ ಅಲೆಸುತ್ತದೆ. ಆಮೇಲೆ ‘ಇಂಡಾಸ್’ ಎಂಬ ನಾವಿಕರ ನೋಂದಣಿ ಸಂಖ್ಯೆ, ಅದರ ಬೆನ್ನಿಗೆ ನಾವಿಕರ ಗುರುತಿನ ಪುಸ್ತಕವಾದ ಸಿಡಿಸಿ.

ಸಿಡಿಸಿಗೆ ಮುಂಚೆ ಎಸ್‌ಟಿಸಿಡಬ್ಲ್ಯು ಎಂಬ ಅಂತರರಾಷ್ಟ್ರೀಯ ನಿಯಮದ ಮೂಲ ತರಬೇತಿ ಆಗಬೇಕು. ಬೆಂಕಿ, ಪ್ರಥಮ ಚಿಕಿತ್ಸೆ, ಭದ್ರತೆ ಎಲ್ಲ ಇದ್ದರೂ ಎಲ್ಲರ ನೆನಪಲ್ಲಿ ಉಳಿಯುವುದು ಈಜುಕೊಳದ ದಿನ. ಲೈಫ್ ಜಾಕೆಟ್ ಬಿಗಿದು, ಒಂದು ಕೈಯಲ್ಲಿ ಮೂಗು ಬಾಯಿ ಮುಚ್ಚಿ, ಇನ್ನೊಂದರಲ್ಲಿ ಜಾಕೆಟ್ಟನ್ನು ಕೆಳಕ್ಕೆ ಅದುಮಿ, ಕಾಲು ಕತ್ತರಿ ಹಾಕಿ, ನೇರ ಎದುರು ನೋಡುತ್ತ ಹಾರಬೇಕು. ಜಾಕೆಟ್ ಅದುಮದಿದ್ದರೆ ನೀರು ಮುಟ್ಟಿದ ಕೂಡಲೇ ಅದು ಗದ್ದಕ್ಕೆ ಗುದ್ದುತ್ತದೆ. ಬಳಿಕ ಮಗುಚಿದ ರಬ್ಬರ್ ತೆಪ್ಪದ ಗ್ಯಾಸ್ ಸಿಲಿಂಡರ್ ಬದಿಯಲ್ಲಿ ನಿಂತು, ಪಟ್ಟಿ ಹಿಡಿದು ಹಿಂದಕ್ಕೆ ವಾಲಿ ಅದನ್ನು ನೆಟ್ಟಗೆ ಮಾಡಬೇಕು. ತೋಳಿನ ಬಲ ಸಾಲದು, ಮೈಭಾರ ಹಾಕಬೇಕು. ಹೋಗುವ ಮೊದಲೇ ಈಜು ಕಲಿತಿದ್ದರೆ ವಾಸಿ. ವಾಸ್ಕೋ ಬಳಿಯ ಬೋಗ್ಡಾದ ಇನ್‌ಸ್ಟಿಟ್ಯೂಟ್ ಆಫ್ ಮರಿಟೈಮ್ ಸ್ಟಡೀಸ್‌ನಲ್ಲಿ ವಿಚಾರಿಸಿ. ದಕ್ಷಿಣ ಕನ್ನಡದವರಿಗೆ ಕುಪ್ಪೆಪದವಿನ ಮರೀನ್ ಕಾಲೇಜು ಹತ್ತಿರ.

ಏಜೆಂಟ್ ಬಂದಾಗ

ನೇಮಕ ಮಾಡುವವನಿಗೆ ಡಿ.ಜಿ. ಶಿಪ್ಪಿಂಗ್ ಕೊಡುವ ಆರ್‌ಪಿಎಸ್‌ಎಲ್ ಲೈಸೆನ್ಸ್ ಇರಲೇಬೇಕು. ಆ ಸಂಖ್ಯೆಯನ್ನು ಇಲಾಖೆಯ ಜಾಲತಾಣದಲ್ಲಿ ನೀವೇ ಹಾಕಿ ನೋಡಿ. ಭಾರತ ಒಪ್ಪಿಕೊಂಡಿರುವ ಮರಿಟೈಮ್ ಲೇಬರ್ ಕನ್ವೆನ್ಷನ್ ಪ್ರಕಾರ ಕೆಲಸ ಕೊಡಿಸಿದ್ದಕ್ಕೆ ನಾವಿಕಳಿಂದ ಹಣ ಪಡೆಯುವಂತಿಲ್ಲ. ಪಾಸ್‌ಪೋರ್ಟು, ಮೆಡಿಕಲ್ಲು, ಸಿಡಿಸಿ ಖರ್ಚು ನಿಮ್ಮದು, ಅಷ್ಟೇ. ‘ಸರ್ವಿಸ್ ಚಾರ್ಜು’ ಎಂದು ಲಕ್ಷ ಕೇಳಿದವನಿಗೆ ಚಹಾ ಕೊಟ್ಟು ಕಳಿಸಿ.

ಹಡಗಿನ ಮೇಲೆ

ದಿನಕ್ಕೆ ಕನಿಷ್ಠ 10 ಗಂಟೆ, ವಾರಕ್ಕೆ 77 ಗಂಟೆ ವಿಶ್ರಾಂತಿ ನಿಯಮದಲ್ಲೇ ಇದೆ. ಕಿರುಕುಳವಾದರೆ ಹಡಗಿನಲ್ಲೇ ದೂರು ಕೊಡುವ ಕ್ರಮವೂ ಇದೆ. ಅದಕ್ಕಿಂತ ಮುಖ್ಯ, ಪ್ರತಿ ಕಂಪನಿಯೂ ದಡದಲ್ಲಿ ಡಿಪಿಎ ಎಂಬ ಹೊಣೆಗಾರನನ್ನು ನೇಮಿಸಿರಬೇಕು. ಅವರ ಹೆಸರು, ನಂಬರು ಹಡಗಿನ ಫಲಕದಲ್ಲಿರುತ್ತದೆ. ಹತ್ತಿದ ಮೊದಲ ದಿನವೇ ಬರೆದುಕೊಂಡು ಮನೆಗೂ ಕಳಿಸಿ. ಕಿರುಕುಳದ ತಾರೀಖು, ಗಂಟೆ, ಮಾತು ಒಂದು ನೋಟ್‌ಬುಕ್ಕಿನಲ್ಲಿ ಅಂದಂದೇ ದಾಖಲಾಗಲಿ. ಎಲ್ಲ ಹಡಗೂ ನರಕವಲ್ಲ, ಆದರೆ ನಡುಗಡಲಲ್ಲಿ ಎದ್ದು ಹೋಗಲು ಬಾಗಿಲಿಲ್ಲ ಎನ್ನುವುದು ನೆನಪಿರಲಿ.

ಹಡಗು ಹಿಡಿಸದವರಿಗೆ ಗೋವಾದಲ್ಲೇ ಬೇರೆ ದಾರಿಗಳಿವೆ. ವಾಸ್ಕೋದಲ್ಲಿ ಗೋವಾ ಶಿಪ್‌ಯಾರ್ಡ್, ದೋನಾಪಾವ್ಲಾದಲ್ಲಿ ರಾಷ್ಟ್ರೀಯ ಸಾಗರ ವಿಜ್ಞಾನ ಸಂಸ್ಥೆ. ಆ ಸಂಸ್ಥೆಯ ಅದಿತಿ ಪಂತ್ 1983ರ ಡಿಸೆಂಬರಿನಲ್ಲಿ ಗೋವಾದಿಂದಲೇ ಹೊರಟ ಭಾರತದ ಮೂರನೇ ಅಂಟಾರ್ಕ್ಟಿಕಾ ಯಾತ್ರೆಯಲ್ಲಿದ್ದರು. ಅವರು ಮತ್ತು ಭೂವಿಜ್ಞಾನಿ ಸುದೀಪ್ತಾ ಸೇನ್‌ಗುಪ್ತಾ ಅಲ್ಲಿ ಕಾಲಿಟ್ಟ ಮೊದಲ ಭಾರತೀಯ ಮಹಿಳೆಯರು. ಎಂ.ಎಸ್ಸಿ. ಮಾಡಿದವರು ಅತ್ತ ನೋಡಬಹುದು.

ಹೊರಡುವ ದಿನದ ಚೀಲಕ್ಕೆ ಒಂದು ಮಾತು. ಬಾಯ್ಲರ್ ಸೂಟು, ಸೇಫ್ಟಿ ಶೂ, ಕೈಗವಸು ಕಂಪನಿಯೇ ಕೊಡುತ್ತದೆ. ಆದರೆ ಅಳತೆ ಬಹುತೇಕ ಗಂಡಸರದು. ದೊಗಲೆ ತೋಳು ಯಂತ್ರಕ್ಕೆ ಸಿಕ್ಕರೆ ಅಪಾಯ, ಸಡಿಲ ಶೂ ಏಣಿಯಲ್ಲಿ ಜಾರುತ್ತದೆ. ಸೇರುವ ಎರಡು ವಾರ ಮೊದಲೇ ನಿಮ್ಮ ಅಳತೆಯನ್ನು ಇಮೇಲಿನಲ್ಲಿ ಬರೆದು ಕಳಿಸಿ, ಉತ್ತರ ತರಿಸಿಕೊಳ್ಳಿ. ಸ್ಯಾನಿಟರಿ ಪ್ಯಾಡು ಪೂರ್ತಿ ಕಾಂಟ್ರಾಕ್ಟಿಗಾಗುವಷ್ಟು ಒಯ್ಯಿರಿ. ಮುಂದಿನ ಬಂದರಿನಲ್ಲಿ ಇಳಿಯಲು ಬಿಡುತ್ತಾರೋ ಇಲ್ಲವೋ, ಇಳಿದರೂ ಅಂಗಡಿ ಎಷ್ಟು ದೂರವೋ.